ಕೆಂಪು ಪಾಚಿಯ ಬಣ್ಣ ಕದ್ದವರು ಯಾರು?

"ಇದು ನಮ್ಮ ಬಾಟಲಿ ಅಲ್ಲವೇ ಅಲ್ಲ!" ಎಂದಳು ಚೂಟಿ.

ವಿಜ್ಞಾನದ ಕೋಣೆಯ ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿದ್ದರು. ಐದನೇ ಕ್ಲಾಸಿನ ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಬೀಳುತ್ತ ಮೇಜಿನ ಸುತ್ತ ನಿಂತಿದ್ದರು. ಚೂಟಿಯ ಕೈಯಲ್ಲಿ ನೀಲಿ ಟಾರ್ಚು ಇತ್ತು. ಅದರ ಬೆಳಕು ನೆಟ್ಟಗೆ ಬಾಟಲಿಯ ಮೇಲೇ ಬೀಳುತ್ತಿತ್ತು. ಬಾಟಲಿ ಮಾತ್ರ ಏನೂ ಆಗದ ಹಾಗೆ ಕೂತಿತ್ತು.

ಅದು ಹಾಗೆ ಸುಮ್ಮನೆ ಕೂರುವ ಬಾಟಲಿಯಲ್ಲ. ಅದರೊಳಗಿದ್ದದ್ದು ಕಡಲಿನ ಕೆಂಪು ಪಾಚಿಯಿಂದ ತೆಗೆದ ಬಣ್ಣದ ನೀರು. ಹಗಲಲ್ಲಿ ನೋಡಿದರೆ ತಿಳಿ ಗುಲಾಬಿ. ಕತ್ತಲಲ್ಲಿ ನೀಲಿ ಬೆಳಕು ಬಿಟ್ಟರೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಬುಧವಾರ ಅದನ್ನು ನೋಡಿದ ಮಿಸ್, "ಅಬ್ಬಾ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ಮಿಸ್ ಬಾಯಿಂದ "ಅಬ್ಬಾ" ಬರುವುದು ವರ್ಷಕ್ಕೆ ಒಂದೇ ಸಲ.

ಈಗ ಶುಕ್ರವಾರ ಮಧ್ಯಾಹ್ನ. ನಾಳೆ ವಸ್ತುಪ್ರದರ್ಶನ. ಬಾಟಲಿಯಲ್ಲಿ ಕಲಗಚ್ಚಿನಂಥ ಮಬ್ಬು ನೀರು, ತಳದಲ್ಲಿ ಏನೋ ಚೂರುಚೂರು.

"ಯಾರೋ ನಮ್ಮದನ್ನ ತಗೊಂಡು ಬೇರೆ ಏನೋ ತುಂಬಿಸಿಟ್ಟಿದ್ದಾರೆ ಮಿಸ್," ಎಂದಳು ಚೂಟಿ. ಹಾಗೆನ್ನುತ್ತ ಅವಳು ಮಿಸ್ ಕಡೆ ನೋಡಲಿಲ್ಲ. ಉದ್ದಿಯ ಕಡೆ ನೋಡಿದಳು.

ಉದ್ದಿ ಅವಳ ಪ್ರಾಜೆಕ್ಟಿನ ಜೊತೆಗಾತಿ. ಒಂದನೇ ಕ್ಲಾಸಿನಿಂದ ಗೆಳತಿ. ಇಡೀ ಕ್ಲಾಸಿಗೇ ಎತ್ತರ, ಅದಕ್ಕೇ ಆ ಹೆಸರು. ಪಾಚಿಯನ್ನು ತೊಳೆದು, ಫ್ರೀಜರಿನಲ್ಲಿ ಕಲ್ಲಾಗಿಸಿ, ಕರಗಿಸಿ, ಕುಟ್ಟಾಣಿಯಲ್ಲಿ ಅರೆದವಳು ಅವಳೇ. ಎರಡು ಭಾನುವಾರ ಅರೆದು ಅವಳ ಬೆರಳ ಸಂದಿಯೆಲ್ಲ ಗುಲಾಬಿಯಾಗಿತ್ತು. ಚೂಟಿ ಬಟ್ಟೆ ಹಿಡಿದು ಸೋಸಿದ್ದಳು, ಜೊತೆಗೆ ಒಂದಿಷ್ಟು ಅಪ್ಪಣೆ ಕೊಟ್ಟಿದ್ದಳು.

"ನನ್ನನ್ಯಾಕೆ ಹಾಗೆ ನೋಡ್ತೀಯ?" ಎಂದಳು ಉದ್ದಿ.

ಚೂಟಿ ಬಾಟಲಿಗೆ ಸುತ್ತಿದ್ದ ಬೆಳ್ಳಿ ಫಾಯಿಲ್ ಎತ್ತಿ ಹಿಡಿದಳು. ಅದರ ಮೇಲೆ ಬೆರಳಿನ ಬಿಳಿ ಗುರುತುಗಳು ಮೂರು ಇದ್ದವು.

"ಇದು ಚಾಕ್‌ಪೀಸ್ ಪುಡಿ. ಈ ವಾರ ಬೋರ್ಡ್ ಒರೆಸೋ ಡ್ಯೂಟಿ ಯಾರದು?"

ಯಾರದೆಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಎಲ್ಲರ ಕತ್ತೂ ಉದ್ದಿಯ ಕಡೆಗೆ ತಿರುಗಿತು.

"ಸಾಕು," ಎಂದರು ಮಿಸ್, ಪರದೆ ಸರಿಸುತ್ತ. "ಸರಿಯಾಗಿ ಗೊತ್ತಿಲ್ಲದೆ ಒಬ್ಬರ ಹೆಸರು ಹೇಳಬಾರದು."

"ನಾನು ಹೆಸರು ಎಲ್ಲಿ ಹೇಳಿದೆ ಮಿಸ್?" ಎಂದಳು ಚೂಟಿ. ಅದು ನಿಜವೇ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಹಿಂದಿನಿಂದ ಯಾರೋ ಮೆಲ್ಲಗೆ, "ಕಳ್ಳಿ," ಎಂದರು. ಒಂದಿಬ್ಬರು ಕಿಸಕ್ಕೆಂದರು.

ಉದ್ದಿಯ ಮುಖ ಕೆಂಪೇರಿತು. ಅವಳು ಬೆಂಚಿನ ಹತ್ತಿರ ಹೋಗಿ ತನ್ನ ಬ್ಯಾಗು ಎತ್ತಿ, ತಲೆಕೆಳಗು ಮಾಡಿ, ಎಲ್ಲರ ಮುಂದೆ ನೆಲಕ್ಕೆ ಸುರಿದಳು. ಪುಸ್ತಕಗಳು, ಮುರಿದ ಸ್ಕೇಲು, ಅರ್ಧ ತಿಂದ ಬನ್ನು, ಒಂಟಿ ಕಾಲುಚೀಲ, ಮಡಚಿಟ್ಟ ದೊಡ್ಡದೊಂದು ಕಪ್ಪು ಬಟ್ಟೆ ಬಿದ್ದವು.

"ನೋಡ್ಕೋ. ಬೇಕಾದ್ರೆ ಜೇಬೂ ನೋಡು. ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡ!"

ಬಣ್ಣದ ನೀರು ಅಲ್ಲೆಲ್ಲೂ ಇರಲಿಲ್ಲ. ಆದರೆ ಸಂಶಯ ಅಷ್ಟಕ್ಕೆಲ್ಲ ಸುಮ್ಮನಾಗುತ್ತದೆಯೇ? ಚೂಟಿಯ ಕಣ್ಣು ಕಪ್ಪು ಬಟ್ಟೆಯ ಮೇಲೆ ನಿಂತಿತು. 'ಇಷ್ಟು ದೊಡ್ಡ ಬಟ್ಟೆ ಯಾಕೆ? ಏನಾದರೂ ಮುಚ್ಚಿ ಸಾಗಿಸುವುದಕ್ಕೇ ಇರಬೇಕು' ಎಂದುಕೊಂಡಳು. ಉದ್ದಿ ಮಂಡಿಯೂರಿ ಒಬ್ಬಳೇ ಪುಸ್ತಕ ಆರಿಸಿಕೊಂಡಳು. ಚೂಟಿ ಸಹಾಯಕ್ಕೆ ಬಗ್ಗಲಿಲ್ಲ.

ಚೂಟಿಗೆ ಈ ಸಂಶಯ ಇವತ್ತು ಬಂದದ್ದಲ್ಲ. ಅದರ ಬೇರು ಇದ್ದದ್ದು ಅವಳ ಅಮ್ಮನ ಲ್ಯಾಬಿನಲ್ಲಿ.

ಅಮ್ಮನ ಕೆಲಸವೇ ಕೆಂಪು ಪಾಚಿಯಿಂದ ಬಣ್ಣ ತೆಗೆಯುವುದು. ಒಮ್ಮೆ ರಜೆಯಲ್ಲಿ ಚೂಟಿ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದಳು. ಕಿಟಕಿಗಳಿಗೆಲ್ಲ ದಪ್ಪ ಕಪ್ಪು ಪರದೆ. ಬಾಗಿಲಿಗೆ ನಂಬರ್ ಒತ್ತಿ ತೆರೆಯುವ ಬೀಗ. ಒಳಗೆ ಮಂಕು ದೀಪದಲ್ಲಿ ಎಲ್ಲರೂ ಪಿಸುಪಿಸು ಮಾತಾಡುತ್ತ ಕೆಲಸ ಮಾಡುತ್ತಿದ್ದರು. ಒಂದೊಂದು ಬಾಟಲಿಗೂ ಫಾಯಿಲ್ ಸುತ್ತಿ, ಐಸ್ ಪೆಟ್ಟಿಗೆಯೊಳಗೆ ಹುದುಗಿಸಿ, ಮೇಲೆ ಇನ್ನೊಂದು ಮುಚ್ಚಳ ಹಾಕುತ್ತಿದ್ದರು.

ಚೂಟಿಗೆ ಆಗಲೇ ಅರ್ಥವಾಗಿಬಿಟ್ಟಿತು. ಈ ಬಣ್ಣಕ್ಕೆ ಕಳ್ಳರ ಕಾಟ ವಿಪರೀತ! ಯಾಕೆ ಹೀಗೆ ಮುಚ್ಚಿಡುತ್ತೀರಿ ಎಂದು ಅಮ್ಮನನ್ನು ಕೇಳಲೂ ಇಲ್ಲ. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ?

ತಮ್ಮ ಬಾಟಲಿ ತಯಾರಾದಾಗ ಅಮ್ಮ, "ಫಾಯಿಲ್ ಸುತ್ತಿ ಸ್ಕೂಲಿನ ಫ್ರಿಜ್‌ನಲ್ಲಿಡಿ," ಎಂದಿದ್ದಳು. ಇಬ್ಬರೂ ಹಾಗೇ ಇಟ್ಟರು. ಆದರೆ ಆವತ್ತಿನಿಂದ ಚೂಟಿಗೆ ನೆಮ್ಮದಿ ಇಲ್ಲ. ವಿಜ್ಞಾನದ ಕೋಣೆಯ ಮುಂದೆ ಯಾರು ಹಾದರೂ ಅವರು ಫ್ರಿಜ್ಜಿಗೇ ಕಣ್ಣು ಹಾಕಿದ ಹಾಗೆ ಕಾಣುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದಳು.

ಗುರುವಾರ ಸಂಜೆ ಅವಳು ಕಂಡದ್ದೇನು? ಅದೇ ಕೋಣೆಯ ಬಾಗಿಲಲ್ಲಿ ಉದ್ದಿ, ಬಿ ಸೆಕ್ಷನ್ನಿನ ಜ್ವಾಲಾಮುಖಿ ತಂಡದವರ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದಳು. ಚೂಟಿಯನ್ನು ಕಂಡದ್ದೇ ಎಲ್ಲರೂ ಬಾಯಿ ಮುಚ್ಚಿಕೊಂಡರು.

"ಏನ್ ಮಾತಾಡ್ತಿದ್ರಿ?"

"ಏನಿಲ್ಲ. ನಾಳಿದ್ದು ಗೊತ್ತಾಗುತ್ತೆ," ಎಂದು ಉದ್ದಿ ಹಲ್ಲು ಕಿರಿದಳು.

ಆಯಿತಲ್ಲ! ಎಲ್ಲರೂ ಮನೆಗೆ ಹೋದ ಮೇಲೆ ಚೂಟಿ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಬ್ಯಾಗಿಗೆ ಸೇರಿಸಿದಳು. ಮನೆಯ ಫ್ರಿಜ್ಜಿನಲ್ಲೂ ಇಡಲಿಲ್ಲ. ಉದ್ದಿ ಮನೆಗೆ ಬಂದರೆ ಮೊದಲು ತೆರೆಯುವುದೇ ಅದನ್ನು. ಮನೆಯ ಕೆಳಗೇ ಅಪ್ಪನ ಬೇಕರಿ. ಅಲ್ಲಿ ಸ್ಟೂಲಿನ ಮೇಲೆ ಸ್ಟೂಲಿಟ್ಟು ಹತ್ತಿ, ಉದ್ದಿಯ ಉದ್ದನೆಯ ಕೈಗೂ ಎಟುಕದ ಎತ್ತರದ ಕಟ್ಟೆಯ ಮೇಲೆ, ಟಿನ್ನುಗಳ ಹಿಂದೆ ಅಡಗಿಸಿಟ್ಟಳು. ಬೆಳಗ್ಗೆ ಎಂಟಕ್ಕೆ ತೆಗೆದುಕೊಂಡಾಗ ಫಾಯಿಲ್ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಬಿಚ್ಚದೆ ಸ್ಕೂಲಿಗೆ ತಂದು ಫ್ರಿಜ್ಜಿನೊಳಗಿಟ್ಟಳು.

ಇದನ್ನೆಲ್ಲ ಅವಳು ಮಿಸ್ ಮುಂದೆ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ತನ್ನ ಮೇಲೇ ಸಂಶಯ ಬಂದರೆ?

ಸಂಜೆ ಅಮ್ಮ ಚಪ್ಪಲಿ ಬಿಡುವ ಮೊದಲೇ ಚೂಟಿ ಬಾಟಲಿ ಮುಂದೆ ಹಿಡಿದಳು.

"ಅಮ್ಮಾ, ಉದ್ದಿ ನಮ್ಮ ಬಣ್ಣ ಕದ್ದು ಇದರಲ್ಲಿ ಕೊಳಕು ನೀರು ತುಂಬಿಸಿದ್ದಾಳೆ!"

"ಉದ್ದೀನಾ? ನಮ್ಮ ಉದ್ದೀನಾ?"

"ಹೂಂ. ಸಾಕ್ಷಿ ಇದೆ."

ಅಮ್ಮ ದೀಪದ ಕೆಳಗೆ ಬಾಟಲಿ ಓರೆ ಮಾಡಿ ನೋಡಿದಳು. ಮುಚ್ಚಳ ತೆಗೆದು ಮೂಸಿದಳು. ತಳದ ಚೂರುಗಳನ್ನು ಒಮ್ಮೆ ಅಲ್ಲಾಡಿಸಿದಳು.

"ಇದು ನಿಮ್ಮದೇ. ಪಾಚಿ ವಾಸನೆ ಹಾಗೇ ಇದೆ. ಯಾರೂ ಬದಲಾಯಿಸಿಲ್ಲ. ಎಲ್ಲಿಟ್ಟಿದ್ದೆ?"

"ಫ್ರಿಜ್‌ನಲ್ಲಿ."

"ಫ್ರಿಜ್‌ನಲ್ಲಿ ಬೇಯಲ್ಲ ಮಗಳೇ. ಇದು ಬೆಂದಿದೆ."

"ಬಣ್ಣ ಬೇಯುತ್ತಾ?" ಚೂಟಿಗೆ ನಗು ಬಂತು. ಅಮ್ಮ ನಗಲಿಲ್ಲ. ಕೈತೊಳೆದು ಬಂದು ಊಟದ ಮೇಜಿನ ಮುಂದೆ ಕೂತಳು.

"ಇದು ಬರೀ ಬಣ್ಣ ಅಂದ್ಕೊಂಡ್ಯಾ? ಇದು ಪ್ರೋಟೀನ್. ಮೊಟ್ಟೆಯ ಬಿಳಿ ಭಾಗದಲ್ಲಿರುತ್ತಲ್ಲ, ಆ ಜಾತಿದು. ಪ್ರೋಟೀನ್ ಅಂದ್ರೆ ಉದ್ದದ ದಾರ. ಆದ್ರೆ ಅದು ಹೇಗೆ ಬೇಕೋ ಹಾಗೆ ಬಿದ್ದಿರಲ್ಲ. ಒಂದು ಲೆಕ್ಕದ ಪ್ರಕಾರ ಮಡಚಿಕೊಂಡಿರುತ್ತೆ. ಆ ಮಡಿಕೆಗಳ ಒಳಗೆ ಬಣ್ಣದ ಪುಟ್ಟ ಪುಟ್ಟ ತುಣುಕು ದಾರಕ್ಕೆ ಕೊಂಡಿ ಹಾಕ್ಕೊಂಡು ಕೂತಿರುತ್ತೆ. ನಾಲ್ಕು ಉಂಗುರ ಸಾಲಾಗಿ ಪೋಣಿಸಿದ ಹಾಗಿರುತ್ತೆ ಒಂದೊಂದು ತುಣುಕೂ."

"ಹೊಳೆಯೋದು ಯಾವುದು? ದಾರಾನೋ ತುಣುಕೋ?"

"ತುಣುಕು. ಆದ್ರೆ ದಾರ ಅದನ್ನ ಬಿಗಿಯಾಗಿ, ನೆಟ್ಟಗೆ ಹಿಡಿದಿಟ್ಟುಕೊಂಡಿದ್ರೆ ಮಾತ್ರ. ಕಡಲ ಆಳಕ್ಕೆ ಕೆಂಪು ಬೆಳಕು ಇಳಿಯಲ್ಲ, ಹಸಿರು, ನೀಲಿ ಅಷ್ಟೇ ಇಳಿಯೋದು. ಆ ಬೆಳಕನ್ನ ಹಿಡಿಯೋಕೇ ಪಾಚಿ ಇಷ್ಟೆಲ್ಲ ಏರ್ಪಾಡು ಮಾಡ್ಕೊಂಡಿರೋದು. ಬಿಸಿ ತಾಗ್ತೋ, ದಾರದ ಮಡಿಕೆ ಎಲ್ಲ ಬಿಚ್ಚಿಹೋಗುತ್ತೆ. ಹಿಡಿತ ತಪ್ಪಿದ ತುಣುಕು ಮುದುಡಿಕೊಳ್ಳುತ್ತೆ. ಹೊಳಪೂ ಹೋಯ್ತು, ಬಣ್ಣವೂ ಹೋಯ್ತು. ಜಾಸ್ತಿ ಬೆಳಕು ಬಿದ್ರೂ ಅಷ್ಟೇ, ಮೆಲ್ಲಗೆ ಸಾಯುತ್ತೆ. ನಮ್ಮ ಲ್ಯಾಬಲ್ಲಿ ಪರದೆ, ಫಾಯಿಲ್, ಐಸ್ ಎಲ್ಲ ಇರೋದು ಮತ್ಯಾಕೆ?"

"ಕಳ್ಳರಿಗೆ ಹೆದರಿ ಅಲ್ವಾ?"

"ಕಳ್ಳರಾ?" ಅಮ್ಮ ಕಣ್ಣರಳಿಸಿದಳು. "ಪಾಚಿ ನೀರನ್ನ ಯಾರು ಕದೀತಾರೆ?"

ಚೂಟಿ ಮಡಚಿ ತಂದಿದ್ದ ಫಾಯಿಲನ್ನು ಮೆಲ್ಲನೆ ಬಿಡಿಸಿದಳು. ಮೂರು ಬೆರಳಿನ ಬಿಳಿ ಗುರುತು ಇನ್ನೂ ಇತ್ತು. ತನ್ನ ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಒಂದು ಗುರುತನ್ನು ಉಜ್ಜಿದಳು.

ಚಾಕ್‌ಪೀಸ್ ಪುಡಿಯಾಗಿದ್ದರೆ ಮರಳುಮರಳಾಗಿ ಜಾರಿಹೋಗಬೇಕಿತ್ತು. ಇದು ಬೆರಳಿಗೆ ಅಂಟಿತು. ಇನ್ನಷ್ಟು ಉಜ್ಜಿದರೆ ಜಿಗುಟಾಗಿ ಎಳೆ ಬಂತು. ಬೇಕರಿಯವನ ಮಗಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮೈದಾ ಹಿಟ್ಟು.

ಅವಳು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಇಳಿದಳು. ಅಪ್ಪ ನಾಳೆಯ ಹಿಟ್ಟಿಗೆ ಜರಡಿ ಹಿಡಿಯುತ್ತಿದ್ದ. ಮೊಣಕೈವರೆಗೆ ಬಿಳಿ.

"ಅಪ್ಪಾ, ಅಲ್ಲಿ ಮೇಲೆ, ಟಿನ್ನುಗಳ ಹಿಂದೆ ಒಂದು ಬಾಟಲಿ..."

"ಓ, ಅದು ನಿಂದಾ?" ಅಪ್ಪ ಜರಡಿ ನಿಲ್ಲಿಸಲಿಲ್ಲ. "ಬೆಳಗ್ಗೆ ರಸ್ಕ್ ಒಣಗೋಕೆ ಇಡೋಣ ಅಂತ ಹೋದ್ರೆ ಅಡ್ಡ ಕೂತಿತ್ತು. ಮೂಲೆಗೆ ಸರಿಸಿದೆ. ಅಬ್ಬಬ್ಬಾ, ಏನು ಕಾದಿತ್ತು! ಬೆರಳು ಚುರ್ ಅಂತು. ಒಲೆ ನೆತ್ತಿ ಮೇಲೆ ಬಾಟಲಿ ಇಡ್ತಾರಾ ಯಾರಾದ್ರೂ?"

ಚೂಟಿ ತಲೆಯೆತ್ತಿ ನೋಡಿದಳು. ಎತ್ತರದ ಕಟ್ಟೆ. ಅದರ ಕೆಳಗೆ ಇಟ್ಟಿಗೆಯ ದೊಡ್ಡ ಒಲೆ. ಅಪ್ಪ ದಿನಾ ನಸುಕಿಗೇ ಎದ್ದು ಅದಕ್ಕೆ ಬೆಂಕಿ ಹಾಕುತ್ತಾನೆ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ನಿನ್ನೆ ಸಂಜೆ ಅದು ಆರಿತ್ತು. ನಿನ್ನೆ ಸಂಜೆ ಅವಳ ತಲೆಯಲ್ಲಿ ಇದ್ದದ್ದು ಒಲೆಯಲ್ಲ, ಉದ್ದಿಯ ಕೈ ಎಷ್ಟು ಉದ್ದ ಎಂಬ ಲೆಕ್ಕ.

ಇವತ್ತು ಬೆಳಗ್ಗೆ ಬಾಟಲಿ ಬೆಚ್ಚಗಿತ್ತು ಎಂಬುದೂ ಈಗ ನೆನಪಾಯಿತು. ಬೇಕರಿಯಲ್ಲಿ ಬೆಚ್ಚಗಿಲ್ಲದ ಸಾಮಾನೇ ಇಲ್ಲವಲ್ಲ ಎಂದು ಅವಳು ಗಮನವನ್ನೇ ಕೊಟ್ಟಿರಲಿಲ್ಲ.

ಅವಳು ಮೈದಾ ಮೂಟೆಗೆ ಒರಗಿ ಕೂತು ಗೊಳೋ ಎಂದು ಅತ್ತಳು. ಬಣ್ಣ ಹೋದದ್ದಕ್ಕೆ ಅಲ್ಲ. ನೆಲದ ಮೇಲೆ ಬಿದ್ದ ಒಂಟಿ ಕಾಲುಚೀಲವನ್ನು ಉದ್ದಿ ಎಲ್ಲರ ಮುಂದೆ ಎತ್ತಿಕೊಂಡದ್ದು ಕಣ್ಣ ಮುಂದೆ ಬರುತ್ತಿತ್ತು.

"ತಣ್ಣಗೆ ಮಾಡಿದ್ರೆ ಮತ್ತೆ ಸರಿಹೋಗಲ್ವಾ ಅಮ್ಮಾ?" ಎಂದು ಮೇಲೆ ಬಂದು ಬಿಕ್ಕುತ್ತ ಕೇಳಿದಳು.

"ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ?"

"ನಿಮ್ಮ ಲ್ಯಾಬಿಂದ ಒಂದು ಚೂರು..."

"ಅದು ನಂದಲ್ಲ ಮಗಳೇ. ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡುವಾಗ ಒಂದೊಂದು ಕಣಕ್ಕೂ ಈ ಹೊಳೆಯೋ ಗುರುತು ಅಂಟಿಸಿ ಹುಡುಕ್ತಾರೆ. ಅದಕ್ಕೆ ಹೋಗೋ ಸರಕು. ಬೇಕಾದ್ರೆ ಲ್ಯಾಬಲ್ಲಿ ಪಾಚಿ ಬೆಳೆಸೋ ತೊಟ್ಟಿಯಿಂದ ಕತ್ತರಿಸಿ ಬಿಸಾಕೋ ಹಸಿ ಪಾಚಿ ಬೆಳಗ್ಗೆ ತಂದ್ಕೊಡ್ತೀನಿ. ಅದನ್ನಿಟ್ಟುಕೊಂಡು ಏನು ಹೇಳ್ಬೇಕೋ ನೀನೇ ಯೋಚನೆ ಮಾಡು." ಆಮೇಲೆ ಅಮ್ಮ ಕೇಳಿದಳು, "ಎಷ್ಟು ಜನರ ಮುಂದೆ ಅಂದೆ ಅವಳನ್ನ?"

"ಇಡೀ ಕ್ಲಾಸು."

"ಹೂಂ," ಎಂದಳು ಅಮ್ಮ.

ಶನಿವಾರ ಬೆಳಗ್ಗೆ ಹಾಜರಿ ಮುಗಿದದ್ದೇ ಚೂಟಿ ಎದ್ದು ನಿಂತಳು.

"ಮಿಸ್, ನಾನೊಂದು ಹೇಳ್ಬೇಕು. ಬಾಟಲಿನ ಯಾರೂ ಕದ್ದಿಲ್ಲ. ಗುರುವಾರ ನಾನೇ ಮನೆಗೆ ತಗೊಂಡು ಹೋಗಿ ನಮ್ಮಪ್ಪನ ಒಲೆ ಮೇಲಿಟ್ಟೆ. ಅದು ಬೆಂದುಹೋಯ್ತು. ಉದ್ದಿ ಮುಟ್ಟೇ ಇಲ್ಲ. ಫಾಯಿಲ್ ಮೇಲಿದ್ದಿದ್ದು ಮೈದಾ. ನಾನು... ನಾನು ಸುಳ್ಳೇ ಅವಳ ಮೇಲೆ ಹಾಕಿದೆ. ಸಾರಿ."

ಕ್ಲಾಸಿನಲ್ಲಿ ಗುಸುಗುಸು ಎದ್ದಿತು. ಉದ್ದಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದು ಚೂಟಿ ಅಂದುಕೊಂಡಿದ್ದಳು, ಅಷ್ಟೇನೂ ಆಗಲಿಲ್ಲ.

ಪ್ರದರ್ಶನದ ಹಾಲಿಗೆ ಹೋದರೆ ತಮ್ಮ ಮೇಜಿನ ಮೇಲೆ ಪುಟ್ಟ ಡೇರೆಯೊಂದು ಎದ್ದಿತ್ತು. ಕಪ್ಪು ಬಟ್ಟೆಯದು. ಒಳಗೆ ತಲೆ ಹಾಕಿ ನೋಡಲು ದುಂಡಗೆ ಕತ್ತರಿಸಿ, ಅಂಚನ್ನು ಸೂಜಿಯಿಂದ ಹೊಲಿದಿತ್ತು. ಹಗಲಲ್ಲೂ ಬಾಟಲಿ ಹೊಳೆಯುವುದು ಕಾಣಲಿ ಎಂದು ಮಾಡಿದ ಕತ್ತಲೆಯ ಡೇರೆ ಅದು.

"ಗುರುವಾರ ಉದ್ದಿ ನಮ್ಮ ಹತ್ರ ಬಟ್ಟೆ ಕೇಳಿದ್ದು ಇದಕ್ಕೇ," ಎಂದ ಪಕ್ಕದ ಮೇಜಿನ ಜ್ವಾಲಾಮುಖಿ ಹುಡುಗ. "ಬೆಟ್ಟಕ್ಕೆ ಸುತ್ತಿ ಮಿಕ್ಕಿದ ಬಟ್ಟೆ. ನಿನಗೆ ಸರ್‌ಪ್ರೈಸ್ ಮಾಡ್ತೀನಿ, ಹೇಳ್ಬೇಡಿ ಅಂದಿದ್ಳು."

ಚೂಟಿ ಡೇರೆಯ ಅಂಚಿನ ಹೊಲಿಗೆಯನ್ನು ಬೆರಳಿಂದ ಸವರಿದಳು.

ಜನ ಬರತೊಡಗಿದರು. ಚೂಟಿ ಹಸಿ ಪಾಚಿಯ ಕೆಂಪು ಎಸಳೊಂದನ್ನು ಇಕ್ಕಳದಲ್ಲಿ ಹಿಡಿದು ಬಿಸಿನೀರಿಗೆ ಅದ್ದುತ್ತಿದ್ದಳು. ನೋಡನೋಡುತ್ತಲೇ ಕೆಂಪು ಇಳಿದು ಎಸಳು ಹಸಿರಾಗುತ್ತಿತ್ತು. ಚಿಕ್ಕ ಮಕ್ಕಳು ಹೋ ಎಂದು ಕೂಗುತ್ತಿದ್ದರು.

"ಹಸಿರು ಎಲ್ಲಿಂದ ಬಂತು?" ಎಂದು ಕೇಳಿದರು ಒಬ್ಬ ಅಜ್ಜ.

"ಅದು ಮೊದಲಿಂದಾನೂ ಒಳಗೇ ಇತ್ತು ಅಜ್ಜಾ. ಕೆಂಪು ಮೇಲಿದ್ದಿದ್ರಿಂದ ಕಾಣ್ತಿರಲಿಲ್ಲ. ಕೆಂಪು ಬಣ್ಣ ಪ್ರೋಟೀನ್‌ಗೆ ಅಂಟಿಕೊಂಡಿರುತ್ತೆ, ಬಿಸಿಗೆ ಅದು ಕೆಟ್ಟುಹೋಗುತ್ತೆ."

"ಮತ್ತೆ ಆ ಮಬ್ಬು ನೀರಿನ ಬಾಟಲಿ ಯಾಕಿಟ್ಟಿದ್ದೀಯ?"

"ಅದು ನಾನು ಕೆಡಿಸಿದ್ದು. ಯಾರೋ ಕದೀತಾರೆ ಅಂತ ಒಲೆ ಮೇಲೆ ಅಡಗಿಸಿಟ್ಟಿದ್ದೆ."

ಅಜ್ಜ ನಕ್ಕರು. ಆಮೇಲೆ ಬಂದವರೂ ನಕ್ಕರು. ಬಂದವರೆಲ್ಲ ಅದನ್ನೇ ಕೇಳಿದರು. ಪ್ರತಿ ಸಲವೂ ಚೂಟಿಯ ಕಿವಿ ಬಿಸಿಯಾಗುತ್ತಿತ್ತು, ಪ್ರತಿ ಸಲವೂ ಅದನ್ನೇ ಹೇಳಿದಳು.

ಒಬ್ಬ ಪುಟ್ಟ ಹುಡುಗಿ ಉದ್ದಿಯ ಲಂಗ ಎಳೆದು, "ಅಕ್ಕಾ, ನೀನು ಒಂದ್ಸಲ ಅದ್ದು," ಎಂದಳು.

"ಅವಳ ಹತ್ರಾನೇ ಮಾಡಿಸ್ಕೋ," ಎಂದಳು ಉದ್ದಿ.

ಆಗ ಚೂಟಿ ತಿರುಗಿ ನೋಡಿದಳು. ಉದ್ದಿ ಮೇಜಿನಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಬೆಳಗ್ಗೆಯಿಂದಲೂ ಹಾಗೇ ನಿಂತಿದ್ದಾಳೆ ಎಂದು ಚೂಟಿಗೆ ಈಗ ಹೊಳೆಯಿತು. ಇಕ್ಕಳವನ್ನಾಗಲಿ, ಬಾಟಲಿಯನ್ನಾಗಲಿ, ಟಾರ್ಚನ್ನಾಗಲಿ ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಆ ಡೇರೆಯನ್ನು ಕೂಡ ಯಾರೂ ಬರುವ ಮೊದಲೇ ಬಂದು ಕಟ್ಟಿಟ್ಟಿದ್ದಳು. ಏನನ್ನೂ ಮುಟ್ಟದೆ ಇದ್ದರೆ ಯಾರೂ ಏನೂ ಅನ್ನುವ ಹಾಗಿಲ್ಲವಲ್ಲ.

ಎರಡು ಭಾನುವಾರ ಪಾಚಿ ಅರೆದ ಕೈಗಳು ಅವು. ಸಾರಿ ಎನ್ನುವುದು ಸುಲಭ, ಈ ಕೈಗಳನ್ನು ಮುಂದಕ್ಕೆ ತರಿಸುವುದು ಅಷ್ಟು ಸುಲಭವಲ್ಲ ಎಂದು ಚೂಟಿಗೆ ಗೊತ್ತಾಯಿತು.

ಸಂಜೆ ಹಾಲು ಖಾಲಿಯಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದಿಷ್ಟು ಕೆಂಪು ಪಾಚಿ ಮಿಕ್ಕಿತ್ತು. ಇವತ್ತೇ ಫ್ರೀಜರಿಗೆ ಸೇರಿಸಿದರೆ ಮತ್ತೊಮ್ಮೆ ಬಣ್ಣ ತೆಗೆಯಬಹುದು. ಚೂಟಿ ಚೀಲವನ್ನು ಉದ್ದಿಯ ಮುಂದೆ ಹಿಡಿದಳು.

"ಇದನ್ನ ನಿಮ್ಮ ಮನೆ ಫ್ರೀಜರಲ್ಲಿ ಇಡ್ತೀಯಾ?"

"ನಾನಾ?" ಉದ್ದಿ ಹುಬ್ಬೇರಿಸಿದಳು. "ನಾಳೆ ಒಂದು ಎಸಳು ಕಮ್ಮಿ ಆದ್ರೆ?"

"ಎಷ್ಟಿದೆ ಅಂತ ನಾನು ಎಣಿಸಿಲ್ಲ."

ಉದ್ದಿ ಅವಳ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಚೂಟಿಯ ಕೈ ಸೋಲತೊಡಗಿತು, ಆದರೂ ಚೀಲ ಕೆಳಗಿಳಿಸಲಿಲ್ಲ. ಕೊನೆಗೆ ಬೆನ್ನ ಹಿಂದಿನಿಂದ ಒಂದು ಕೈ ಬಂತು. ಚೀಲ ಹಿಡಿದುಕೊಂಡಿತು.

"ಭಾನುವಾರ ಈ ಸಲ ನೀನು ಅರೀಬೇಕು. ನಾನು ಸೋಸ್ತೀನಿ," ಎಂದಳು ಉದ್ದಿ. ಅವಳಿನ್ನೂ ನಕ್ಕಿರಲಿಲ್ಲ.

"ಸರಿ."

ಉದ್ದಿ ಚೀಲ ತೂಗಾಡಿಸುತ್ತ ಗೇಟಿನ ಕಡೆ ನಡೆದಳು. ಬಿಸಿಲು ಇನ್ನೂ ಇತ್ತು, ಅವಳ ಮನೆ ಸ್ವಲ್ಪ ದೂರ. 'ನೆರಳಲ್ಲೇ ಹೋಗು, ದಾರೀಲಿ ಎಲ್ಲೂ ನಿಲ್ಬೇಡ, ಜೋಪಾನ' ಎಂಬ ಮಾತುಗಳೆಲ್ಲ ಚೂಟಿಯ ನಾಲಿಗೆಯ ತುದಿಗೆ ಬಂದವು. ಅವಳು ಅವನ್ನು ನುಂಗಿಕೊಂಡಳು. ಉದ್ದಿ ಗೇಟು ದಾಟುವುದನ್ನೂ ಕಾಯದೆ, ಮೇಜು ಒರೆಸಲು ಒಳಗೆ ಹೋದಳು.